ದೊಡ್ಡಪ್ಪನ ಮೈಕ್‌ಸೆಟ್ ಅಂಗಡಿಯ ಹಳೆಯ ಚಿತ್ರಗೀತೆಯ ಗ್ರಾಮಫೋನ್ ಪ್ಲೇಟುಗಳು: ತೊಳೆಯಬೇಕೇ, ಹಾಕಿ ಕೇಳಬಹುದೇ, ಕೊಟ್ಟುಬಿಡಬೇಕೇ?

ಕೌಲ್‌ಬಜಾರ್, ಬಳ್ಳಾರಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡಪ್ಪನವರು ಬಳ್ಳಾರಿಯಲ್ಲಿ ಬಹಳ ವರ್ಷ ಮೈಕ್‌ಸೆಟ್ ಅಂಗಡಿ ನಡೆಸಿದವರು. ಮದುವೆ, ತೊಟ್ಟಿಲು, ಉರುಸು, ತೇರು, ಚುನಾವಣೆ, ಯಾವುದಿದ್ದರೂ ಎರಡು ಹಾರ್ನ್, ಒಂದು ಆಂಪ್ಲಿಫೈಯರ್, ಒಂದು ಪ್ಲೇಟಿನ ಪೆಟ್ಟಿಗೆ ಇವಿಷ್ಟನ್ನು ಜಟಕಾದಲ್ಲಿ ಹೇರಿಕೊಂಡು ಹೋಗುತ್ತಿದ್ದರಂತೆ. ಕ್ಯಾಸೆಟ್ ಬಂದ ಮೇಲೆ ಆ ಪೆಟ್ಟಿಗೆ ಮಾಳಿಗೆಯ ಮೇಲಿನ ತಗಡಿನ ಕೋಣೆಗೆ ಸೇರಿತು. ಕಳೆದ ತಿಂಗಳು ಮನೆ ರಿಪೇರಿಗೆಂದು ಕೋಣೆ ಖಾಲಿ ಮಾಡುವಾಗ ಎರಡು ಟ್ರಂಕುಗಳು ಕೆಳಗೆ ಬಂದವು.

ಎಣಿಸಿದ್ದೇನೆ. ಭಾರವಾದ ಹತ್ತು ಅಂಗುಲದ ಕರಿಯ ಪ್ಲೇಟುಗಳು 71, ಏಳು ಅಂಗುಲದ ಚಿಕ್ಕವು, ಅಂದರೆ ಇಪಿಗಳು, 38, ದೊಡ್ಡ ಎಲ್‌ಪಿಗಳು ಆರು. ಹೆಚ್ಚಿನವು 1960ರ ದಶಕದ ಚಿತ್ರಗಳ ಹಾಡುಗಳು. ಕನ್ನಡದವು ಅರ್ಧಕ್ಕಿಂತ ಕಡಿಮೆ. ಉಳಿದವು ತೆಲುಗು ಮತ್ತು ಹಿಂದಿ. ಬಹುತೇಕ ಎಲ್ಲದರ ಲೇಬಲ್ಲಿನ ಮೇಲೂ ಅಂಗಡಿಯ ನೇರಳೆ ಬಣ್ಣದ ರಬ್ಬರ್ ಮುದ್ರೆಯಿದೆ, ಅದರ ಪಕ್ಕದಲ್ಲಿ ಬಿಳಿ ಪೇಂಟಿನಲ್ಲಿ ಕೈಯಿಂದ ಬರೆದ ಒಂದು ಅಂಕಿಯಿದೆ. ಮೂರು ಚಿಕ್ಕ ಪ್ಲೇಟುಗಳು ಬಿಸಿಲಿಗೆ ಹಪ್ಪಳದಂತೆ ಸೊಟ್ಟಗಾಗಿವೆ.

ನನ್ನ ತಮ್ಮ ಆನ್‌ಲೈನಿನಲ್ಲಿ ಸೂಟ್‌ಕೇಸ್ ಮಾದರಿಯ ಒಂದು ಪ್ಲೇಯರ್ ತರಿಸಿದ್ದಾನೆ. ಅದರಲ್ಲಿ 33, 45, 78 ಮೂರೂ ವೇಗಗಳಿವೆ. ಆದರೆ ಹತ್ತು ಅಂಗುಲದ ಪ್ಲೇಟು ಹಾಕಿದರೆ ಹಾಡಿಗಿಂತ ಮಳೆಯ ಸದ್ದೇ ಹೆಚ್ಚು. ಇದು ಪ್ಲೇಟಿನ ದೋಷವೋ ಯಂತ್ರದ್ದೋ ತಿಳಿಯದು. ಮುದ್ರೆಯನ್ನೂ ಪೇಂಟನ್ನೂ ಅಳಿಸಿದರೆ ಬೆಲೆ ಹೆಚ್ಚುತ್ತದೆ ಎಂದು ಒಬ್ಬರು ಹೇಳಿದರು. ಬೆಂಗಳೂರಿನ ಸಂಗ್ರಾಹಕರೊಬ್ಬರು ಕನ್ನಡದವನ್ನು ಮಾತ್ರ ಆರಿಸಿಕೊಂಡು ಹೋಗುತ್ತೇನೆ, ಉಳಿದವು ನಿಮಗೇ ಇರಲಿ ಎನ್ನುತ್ತಿದ್ದಾರೆ. ದೊಡ್ಡಮ್ಮನವರಿಗೆ ಎಂಬತ್ತು ದಾಟಿದೆ. ಅವರಿಗೆ ಒಂದೆರಡು ಹಾಡುಗಳನ್ನಾದರೂ ಅದೇ ಪ್ಲೇಟಿನಿಂದ ಕೇಳಿಸಬೇಕೆಂಬ ಆಸೆಯಿದೆ. ತಿಳಿದವರು ದಾರಿ ತೋರಿಸಬೇಕು.

ಮುಳ್ಳು ಬದಲಿಸಿ, ರಾಯಚೂರು

ಸರ್, ಮೊದಲು ಆ ಸೂಟ್‌ಕೇಸಿನ ಮೇಲೆ ಹತ್ತು ಅಂಗುಲದವನ್ನು ಹಾಕುವುದನ್ನು ನಿಲ್ಲಿಸಿ. ದೋಷ ಪ್ಲೇಟಿನದಲ್ಲ, ಕನಿಷ್ಠ ಪೂರ್ತಿ ಪ್ಲೇಟಿನದಲ್ಲ. ನಿಮಿಷಕ್ಕೆ 78 ಸುತ್ತು ತಿರುಗುವ ಪ್ಲೇಟಿನ ಗೆರೆ ಅಗಲವಾದದ್ದು. ಅದಕ್ಕೆ ಬೇಕಾದ ಮುಳ್ಳಿನ ತುದಿಯ ದುಂಡಗಿನ ಅಳತೆ ಅಂಗುಲದ ಸಾವಿರದಲ್ಲಿ ಮೂರು ಭಾಗ. ಇಪಿ, ಎಲ್‌ಪಿಗಳ ಮುಳ್ಳು ಅದರ ಮೂರರಲ್ಲಿ ಒಂದು ಭಾಗ ಅಥವಾ ಇನ್ನೂ ಸಣ್ಣದು. ಸಣ್ಣ ಮುಳ್ಳು ಅಗಲ ಗೆರೆಯ ಎರಡು ಗೋಡೆಗಳನ್ನು ಮುಟ್ಟದೆ ತಳದಲ್ಲಿ ಬಿದ್ದು, ಅಲ್ಲಿ ಅರವತ್ತು ವರ್ಷಗಳಿಂದ ಕುಳಿತಿರುವ ಧೂಳನ್ನು ಕೆರೆಯುತ್ತಾ ಹೋಗುತ್ತದೆ. ನೀವು ಕೇಳುತ್ತಿರುವ ಮಳೆ ಅದೇ. ಯಂತ್ರದ ಮೇಲೆ 78 ಎಂದು ಬರೆದಿದೆ ಎಂದರೆ ತಟ್ಟೆ ಆ ವೇಗದಲ್ಲಿ ತಿರುಗುತ್ತದೆ ಎಂದಷ್ಟೇ ಅರ್ಥ. ಹಳೆಯ ಎಚ್‌ಎಂವಿ ಪ್ಲೇಯರುಗಳಲ್ಲಿ ತಲೆಯ ಬಳಿ ಒಂದು ಚಿಕ್ಕ ಹಿಡಿಯಿರುತ್ತಿತ್ತು. ಅದನ್ನು ಒಂದು ಕಡೆ ತಿರುಗಿಸಿದರೆ 78ರ ಮುಳ್ಳು, ಇನ್ನೊಂದು ಕಡೆ ತಿರುಗಿಸಿದರೆ ಎಲ್‌ಪಿಯ ಮುಳ್ಳು ಕೆಳಗೆ ಬರುತ್ತಿತ್ತು. ಅಂಥದ್ದೊಂದು ಸುಸ್ಥಿತಿಯಲ್ಲಿ ಸಿಕ್ಕರೆ ನಿಮ್ಮ ದೊಡ್ಡಮ್ಮನವರಿಗೆ ಹಾಡು ಕೇಳಿಸಲು ಅಷ್ಟು ಸಾಕು. ಸಿಗದಿದ್ದರೆ, ಮುಳ್ಳು ಬದಲಿಸಲು ಬರುವ ಟರ್ನ್‌ಟೇಬಲ್ ಒಂದನ್ನು ಕೊಂಡು 78ರ ಮುಳ್ಳನ್ನು ಪ್ರತ್ಯೇಕವಾಗಿ ತರಿಸಿಕೊಳ್ಳಿ.

ನಿಮ್ಮ 71 ಭಾರದ ಪ್ಲೇಟುಗಳು ವಿನೈಲ್ ಎಂಬ ಪ್ಲಾಸ್ಟಿಕ್ಕಿನವಲ್ಲ, ಅರಗಿನವು (ಶೆಲ್ಯಾಕ್). ಅರವತ್ತರ ದಶಕದ ಹಾಡು ಅರಗಿನ ಮೇಲೆ ಹೇಗೆ ಎಂದು ಅನುಮಾನ ಬರಬಹುದು. ಇಂಗ್ಲೆಂಡಿನಲ್ಲಿ 78ರ ಕಾಲ 1960ರ ಸುಮಾರಿಗೇ ಮುಗಿದಿದ್ದರೂ ನಮ್ಮಲ್ಲಿ ಮತ್ತೆ ಹತ್ತು ವರ್ಷ ಅದು ಉಳಿಯಿತು. ಕಲ್ಕತ್ತೆಯ ದಮ್‌ದಮ್ ಕಾರ್ಖಾನೆಯಲ್ಲಿ ಬೀಟಲ್ಸ್ ತಂಡದ ಹಾಡುಗಳನ್ನೂ 78ರಲ್ಲಿ ಅಚ್ಚು ಹಾಕಿದ್ದರು, ಇಂದು ಅವನ್ನು ಹುಡುಕಿಕೊಂಡು ಪರದೇಶದವರು ಬರುತ್ತಾರೆ. ಹಳ್ಳಿಗಳಲ್ಲಿ ಇದ್ದದ್ದು ಕೀಲಿ ಕೊಡುವ ಗ್ರಾಮಫೋನು, ಅದಕ್ಕೆ 78 ಬಿಟ್ಟರೆ ಬೇರೆ ಆಗದು, ಕಾರಣ ಇಷ್ಟೇ. ಲೇಬಲ್ಲಿನ ಮೇಲೆ ಸಂಖ್ಯೆಗೆ ಮುಂಚೆ ಎನ್ ಎಂಬ ಅಕ್ಷರವಿದ್ದರೆ ಎಚ್‌ಎಂವಿ, ಜಿಇ ಎಂದಿದ್ದರೆ ಕೊಲಂಬಿಯಾ. ಓಡಿಯನ್ ಸೇರಿದಂತೆ ಆಗಿನ ಈ ಹೆಸರುಗಳೆಲ್ಲವೂ ಗ್ರಾಮಫೋನ್ ಕಂಪನಿ ಆಫ್ ಇಂಡಿಯಾ ಎಂಬ ಒಂದೇ ಮನೆಯವು; ಇಂದಿನ ಸಾರೆಗಾಮಾ ಅದೇ.

ಸ್ಥಿತಿ ತಿಳಿಯಲು ಪ್ಲೇಟನ್ನು ಬೆಳಗಿನ ಓರೆ ಬಿಸಿಲಿಗೆ ಹಿಡಿದು ನೋಡಿ. ಗೆರೆಗಳು ಕಪ್ಪಾಗಿ ಮಿನುಗಿದರೆ ಜೀವವಿದೆ. ಬೂದು ಬಣ್ಣಕ್ಕೆ ತಿರುಗಿದ್ದರೆ ಸವೆದಿದೆ. ಸವೆತ ಹೆಚ್ಚಾಗಿ ಒಳಸುತ್ತುಗಳಲ್ಲಿ, ಗಾಯಕಿಯ ದನಿ ಮೇಲಕ್ಕೇರುವ ಕಡೆ, ಕಾಣುತ್ತದೆ. ನಡುವಿನ ತೂತಿನ ಸುತ್ತ ಲೇಬಲ್ಲಿನ ಮೇಲೆ ಕೂದಲೆಳೆಯಂಥ ಗೀರುಗಳು ಇರುತ್ತವೆ. ಕತ್ತಲೆಯಲ್ಲಿ, ಅವಸರದಲ್ಲಿ, ತೂತು ಕಡ್ಡಿಗೆ ಸಿಗದೆ ಹುಡುಕಾಡಿದ ಗುರುತುಗಳು ಅವು. ಅವು ಎಷ್ಟಿವೆಯೋ ಆ ಪ್ಲೇಟು ಅಷ್ಟು ಸಲ ಬಳಕೆಯಾಗಿದೆ ಎಂದು ತಿಳಿಯಿರಿ. ಬೇಸರ ಮಾಡಿಕೊಳ್ಳಬೇಡಿ, ಮೈಕ್‌ಸೆಟ್ಟಿನವರ ಪ್ಲೇಟುಗಳನ್ನು ನಾನು ಸಾಮಾನ್ಯವಾಗಿ ಕೊಳ್ಳುವುದಿಲ್ಲ. ಭಾರದ ತಲೆ, ಸವೆದ ಮುಳ್ಳು, ದಿನಕ್ಕೆ ಹತ್ತು ಸಲ ಅದೇ ಹಾಡು. ಹೀಗೆ ಬಳಸಿದ ಮೇಲೆ ಗೆರೆಯಲ್ಲಿ ಉಳಿಯುವುದು ಕಡಿಮೆ. ಒಳ್ಳೆಯ ದನಿಯೇ ಬೇಕೆಂದರೆ ಅದೇ ಹಾಡುಗಳ ಮನೆಬಳಕೆಯ ಪ್ರತಿಗಳನ್ನು ಹುಡುಕಿ. ನಾನು ಹೈದರಾಬಾದಿನ ಜುಮ್ಮೇರಾತ್ ಬಜಾರಿಗೆ ಗುರುವಾರ ಬೆಳಗಿನ ಜಾವವೇ ಹೋಗಿ ಆರಿಸಿ ತಂದವೇ ನನ್ನಲ್ಲಿ ಹೆಚ್ಚು.

ಕೆಂಧೂಳು, ಸಂಡೂರು

ತೊಳೆಯುವ ವಿಷಯಕ್ಕೆ ಒಂದೇ ಮಾತು, ಅದೂ ಕೈ ಸುಟ್ಟುಕೊಂಡವನ ಮಾತು. ನಮ್ಮ ಕಡೆ ಅದಿರಿನ ಲಾರಿಗಳ ಕೆಂಪು ಧೂಳು ಬೀರುವಿನೊಳಗೂ ನುಗ್ಗುತ್ತದೆ. ನನ್ನ ತಂದೆಯವರ ಪ್ಲೇಟುಗಳಲ್ಲೂ ಅದು ಗೆರೆಗೆರೆಯಲ್ಲಿ ಕೂತಿತ್ತು. ಅಂತರ್ಜಾಲದಲ್ಲಿ ನೋಡಿ ಸ್ಪಿರಿಟ್ ಬೆರೆಸಿದ ನೀರಿನಿಂದ ಒಂದು 78ನ್ನು ಒರೆಸಿದೆ. ಬಟ್ಟೆ ಕಪ್ಪಾಯಿತು, ಕೊಳೆ ಬಿಡುತ್ತಿದೆ ಎಂದು ಹಿಗ್ಗಿದೆ. ಬಿಟ್ಟದ್ದು ಕೊಳೆಯಲ್ಲ, ಪ್ಲೇಟೇ. ಬಡಗಿಗಳು ಬಾಗಿಲಿಗೆ ಹಚ್ಚುವ ಸ್ಪಿರಿಟ್ ಪಾಲಿಶ್ ಎಂದರೆ ಅರಗನ್ನು ಸ್ಪಿರಿಟಿನಲ್ಲಿ ಕರಗಿಸಿದ್ದಲ್ಲದೆ ಮತ್ತೇನು? ಇಷ್ಟು ಗೊತ್ತಿದ್ದೂ ಆ ಹೊತ್ತಿಗೆ ಹೊಳೆಯಲಿಲ್ಲ. ಒಂದು ಹಾಡಿನ ಪಲ್ಲವಿ ಪೂರ್ತಿ ಮಂಕಾಯಿತು.

ಆದ್ದರಿಂದ ಅರಗಿನದಕ್ಕೆ ಸ್ಪಿರಿಟ್ ತಾಗಿಸಲೇಬೇಡಿ. ಒಣ ಮೆತ್ತನೆಯ ಬ್ರಷ್ಷಿನಿಂದ ಗೆರೆಯ ಜಾಡಿನಲ್ಲೇ ಸುತ್ತಿ ಧೂಳು ತೆಗೆದು, ಆಮೇಲೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿಗೆ ಒಂದೇ ತೊಟ್ಟು ಪಾತ್ರೆ ತೊಳೆಯುವ ಸೋಪು ಬೆರೆಸಿ, ಲೇಬಲ್ಲಿಗೆ ನೀರು ಸೋಕದಂತೆ ಒರೆಸಿ, ಮತ್ತೆ ಬರಿಯ ನೀರಿನಿಂದ ಒರೆಸಿ, ನೆರಳಿನಲ್ಲಿ ಒಣಗಿಸಿ. ನಲ್ಲಿಯ ನೀರು ಬೇಡ. ನಮ್ಮ ಬೋರ್‌ವೆಲ್ ನೀರು ಒಣಗಿದರೆ ಬಿಳಿ ಉಪ್ಪು ಉಳಿಯುತ್ತದೆ. ಇಪಿ, ಎಲ್‌ಪಿಗಳಿಗೆ ಇದೇ ಕ್ರಮ ಸಾಕು. ಸೊಟ್ಟಗಾದ ಮೂರನ್ನು ಬಿಸಿಲಿಗಿಟ್ಟು ನೆಟ್ಟಗೆ ಮಾಡುತ್ತೇನೆಂದು ಹೊರಡಬೇಡಿ. ಎರಡು ದಪ್ಪ ಗಾಜುಗಳ ನಡುವೆ ಮಲಗಿಸಿ ಮೇಲೆ ಭಾರ ಹೇರಿ, ಒಂದೆರಡು ತಿಂಗಳು ಮರೆತುಬಿಡಿ. ನಮ್ಮ ಬೇಸಿಗೆಯಲ್ಲಿ ಮನೆಯೊಳಗಿನ ಶಾಖವೇ ಆ ಕೆಲಸಕ್ಕೆ ಬೇಕಾದಷ್ಟಾಯಿತು. ನನ್ನ ಎರಡರಲ್ಲಿ ಒಂದು ಸರಿಹೋಯಿತು.

ಸಂಗೀತದ ಟೀಚರು, ಗಂಗಾವತಿ

ರಾಯಚೂರಿನ ಸರ್ ಅವರ ತಾಂತ್ರಿಕ ಮಾತುಗಳನ್ನೆಲ್ಲ ಒಪ್ಪುತ್ತೇನೆ. ಆದರೆ ಸವೆದ ಪ್ಲೇಟುಗಳನ್ನು ಬಿಟ್ಟು ಚೊಕ್ಕ ಪ್ರತಿಗಳನ್ನು ಹುಡುಕಿ ಎಂಬ ಸಲಹೆಯನ್ನು ಒಪ್ಪಲಾರೆ. ಚೊಕ್ಕ ದನಿಯೇ ಬೇಕಿದ್ದರೆ ಬಹುಪಾಲು ಹಾಡುಗಳು ಮೊಬೈಲಿನಲ್ಲೇ ಸಿಗುತ್ತವೆ, ಪ್ಲೇಟಿನ ಗೊಡವೆ ಏಕೆ?

ಈ ಟ್ರಂಕಿನಲ್ಲಿ ಕನ್ನಡಕ್ಕಿಂತ ತೆಲುಗು, ಹಿಂದಿ ಹೆಚ್ಚು ಎಂಬುದು ನನಗೆ ಸ್ವಲ್ಪವೂ ಆಶ್ಚರ್ಯ ತರಲಿಲ್ಲ. ಬಳ್ಳಾರಿ 1953ರ ಅಕ್ಟೋಬರಿನವರೆಗೆ ಮದರಾಸಿನ ಆಡಳಿತದಲ್ಲಿತ್ತು; ರಾಯಚೂರು, ಮತ್ತು ಆಗ ಅದರೊಳಗೇ ಇದ್ದ ನಮ್ಮ ಕೊಪ್ಪಳ, 1956ರ ನವೆಂಬರಿನವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಅರವತ್ತರ ದಶಕದ ಬಳ್ಳಾರಿಯ ಒಂದು ಮದುವೆಯಲ್ಲಿ ಬೀಗರು ಯಾವ ಊರಿನವರು ಎಂದು ನೋಡಿ ಘಂಟಸಾಲರನ್ನೋ ಪಿ.ಬಿ. ಶ್ರೀನಿವಾಸರನ್ನೋ ರಫಿಯವರನ್ನೋ ಹಾಕುವುದು ಮೈಕ್‌ಸೆಟ್ಟಿನವರ ಜಾಣತನವಾಗಿತ್ತು. ಬೆಂಗಳೂರಿನವರು ಕನ್ನಡದವನ್ನು ಮಾತ್ರ ಆರಿಸಿಕೊಂಡು ಹೋದರೆ ಅವರ ಕಪಾಟಿನಲ್ಲಿ ಮೂವತ್ತು ಸವೆದ ಪ್ಲೇಟುಗಳು ಹೆಚ್ಚಾಗುತ್ತವೆ, ನಿಮ್ಮಲ್ಲಿ ಒಂದು ಅಂಗಡಿ ಇಲ್ಲವಾಗುತ್ತದೆ. ಮುದ್ರೆಯನ್ನಂತೂ ದಯವಿಟ್ಟು ಮುಟ್ಟಬೇಡಿ. ಆ ಪ್ಲೇಟು ಈ ಊರಿನಲ್ಲಿ ಹಾಡಿತು ಎನ್ನುವುದಕ್ಕೆ ಬೇರೆ ದಾಖಲೆ ಎಲ್ಲಿದೆ?

ಇನ್ನು ಕೇಳುವ ವಿಷಯ. ಸಿನಿಮಾದಲ್ಲಿ ಕೇಳಿದ ಹಾಡೂ ಪ್ಲೇಟಿನ ಹಾಡೂ ಯಾವಾಗಲೂ ಒಂದೇ ಅಲ್ಲ. 78ರ ಒಂದು ಬದಿಗೆ ಹಿಡಿಯುವುದು ಹೆಚ್ಚೆಂದರೆ ಮೂರೂವರೆ ನಿಮಿಷ. ಆಗ ಕನ್ನಡ ಚಿತ್ರಗಳ ಹಾಡುಗಳು ಬಹುಪಾಲು ಮದರಾಸಿನಲ್ಲೇ ಮುದ್ರಣವಾಗುತ್ತಿದ್ದವು. ಚಿತ್ರಕ್ಕೆಂದು ಉದ್ದವಾಗಿ ಹಾಡಿಸಿದ್ದನ್ನು ಪ್ಲೇಟಿಗೆ ತರುವಾಗ ಒಂದು ಚರಣವನ್ನೋ ನಡುವಿನ ವಾದ್ಯವನ್ನೋ ಬಿಡುತ್ತಿದ್ದರು, ಇಲ್ಲವೇ ಎರಡು ಬದಿಗೆ ಎರಡು ಭಾಗ ಮಾಡುತ್ತಿದ್ದರು. ಇದಕ್ಕೆ ತದ್ವಿರುದ್ಧವಾಗಿ, ಚಿತ್ರದ ಓಟಕ್ಕೆ ಕತ್ತರಿ ಬಿದ್ದ ಚರಣ ಪ್ಲೇಟಿನಲ್ಲಿ ಉಳಿದಿರುವುದೂ ಉಂಟು. ಚಿತ್ರಮಂದಿರದ ಬಾಗಿಲಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕ ಕೈಯಲ್ಲಿದ್ದರೆ ಮೂರನ್ನೂ ಹೋಲಿಸಿ ನೋಡುವುದೇ ಒಂದು ಸೊಗಸು. ನನ್ನ ಮಟ್ಟಿಗೆ ಸಂಗ್ರಹದ ನಿಜವಾದ ಲಾಭ ಇಲ್ಲಿದೆ, ಹೊಳಪಿನಲ್ಲಿ ಅಲ್ಲ.

ನಿಮ್ಮ ಟ್ರಂಕಿನ ಕನ್ನಡದ ಪ್ಲೇಟುಗಳ ಮೇಲೆ ಸಂಗೀತ ನಿರ್ದೇಶಕರ ಹೆಸರನ್ನು ಓದಿ ಬರೆಯಿರಿ. ಜಿ.ಕೆ. ವೆಂಕಟೇಶ್, ಟಿ.ಜಿ. ಲಿಂಗಪ್ಪ, ವಿಜಯಭಾಸ್ಕರ್, ರಾಜನ್–ನಾಗೇಂದ್ರ, ಎಂ. ರಂಗರಾವ್ ಇವರೆಲ್ಲ ಆ ಹತ್ತು ವರ್ಷಗಳಲ್ಲಿ ಒಟ್ಟೊಟ್ಟಿಗೇ ದುಡಿಯುತ್ತಿದ್ದವರು. 1964ರ ‘ನಾಂದಿ’ಯಲ್ಲೂ 1967ರ ‘ಬೆಳ್ಳಿಮೋಡ’ದಲ್ಲೂ ವಿಜಯಭಾಸ್ಕರ್ ವಾದ್ಯಗಳನ್ನು ಎಷ್ಟು ಮಿತವಾಗಿ ಬಳಸುತ್ತಾರೆ ಎಂಬುದು ಒಂದೇ ದನಿವಾಹಿನಿಯ (ಮೋನೋ) ಹಳೆಯ ಪ್ಲೇಟಿನಲ್ಲಿ ಚೆನ್ನಾಗಿ ತಿಳಿಯುತ್ತದೆ, ಎಸ್. ಜಾನಕಿಯವರು ಬೇಂದ್ರೆಯವರ ‘ಮೂಡಲ ಮನೆಯ’ ಹಾಡುವಾಗ ದನಿ ಮುಂದೆ, ವಾದ್ಯ ಹಿಂದೆ, ನಡುವೆ ಏನೂ ಇಲ್ಲ. 1966ರ ‘ಸಂಧ್ಯಾರಾಗ’ದ ಪ್ಲೇಟು ಇದ್ದರೆ ಮೊದಲು ಅದನ್ನು ತೆಗೆದಿಡಿ. ಭೀಮಸೇನ ಜೋಶಿಯವರೂ ಬಾಲಮುರಳಿಕೃಷ್ಣ ಅವರೂ ಒಂದೇ ಕನ್ನಡ ಚಿತ್ರಕ್ಕೆ ಹಾಡಿದ್ದನ್ನು ನನ್ನ ಶಿಷ್ಯರು ಇಂದಿಗೂ ನಂಬುವುದಿಲ್ಲ. ಬಾಲಸುಬ್ರಹ್ಮಣ್ಯಂ ಅವರ ಮೊದಲ ಕನ್ನಡ ಹಾಡು 1967ರ ‘ನಕ್ಕರೆ ಅದೇ ಸ್ವರ್ಗ’ ಚಿತ್ರದ್ದು. ಆ ಪ್ಲೇಟಿಗೆ ಈಗ ಕೇಳುವವರು ಬಹಳ, ಆದ್ದರಿಂದ ಅದೊಂದನ್ನು ಯಾರಾದರೂ ಪುಸಲಾಯಿಸಿ ಒಯ್ಯದಂತೆ ನೋಡಿಕೊಳ್ಳಿ.

ಮುಳ್ಳು ಬದಲಿಸಿ, ರಾಯಚೂರು

ಟೀಚರ್ ಅವರೇ, ನನ್ನ ಮಾತು ಸ್ವಲ್ಪ ಒರಟಾಯಿತು ಎಂದು ಒಪ್ಪುತ್ತೇನೆ. ಕೊಳ್ಳುವವನ ಕಣ್ಣಿನಿಂದ ಬರೆದೆ, ಅವರು ಮಾರಲು ಕೂತವರಲ್ಲ ಎಂಬುದನ್ನು ಮರೆತೆ. ಆದರೂ ಸವೆದ ಪ್ಲೇಟು ಸವೆದದ್ದೇ. ಪ್ರತಿ ಸಲ ಹಾಕಿದಾಗಲೂ ಇನ್ನಷ್ಟು ಸವೆಯುತ್ತದೆ. ಆದ್ದರಿಂದ ಎರಡಕ್ಕೂ ಹೊಂದುವ ದಾರಿಯೆಂದರೆ, ಸರಿಯಾದ ಮುಳ್ಳಿನಿಂದ ಒಮ್ಮೆ ಚೆನ್ನಾಗಿ ನುಡಿಸಿ ಕಂಪ್ಯೂಟರಿಗೆ ಇಳಿಸಿಟ್ಟು, ದಿನನಿತ್ಯ ಆ ಪ್ರತಿಯನ್ನೇ ಕೇಳುವುದು. ಇಳಿಸುವಾಗ ಎಂಪಿ3 ಮಾಡಬೇಡಿ, ವೇವ್ ಕಡತವಾಗಿ 24 ಬಿಟ್‌ನಲ್ಲಿ ಇಡಿ. ಕರಕರ ಸದ್ದನ್ನು ಸಾಫ್ಟ್‌ವೇರಿನಿಂದ ತೆಗೆದ ಪ್ರತಿ ಬೇರೆ ಇರಲಿ, ತೆಗೆಯದ ಪ್ರತಿ ಹಾಗೆಯೇ ಉಳಿಯಲಿ. ಸದ್ದು ತೆಗೆಯುವ ಉತ್ಸಾಹದಲ್ಲಿ ಹಲವರು ತಬಲಾದ ಚಾಟಿಯನ್ನೇ ಒರೆಸಿಹಾಕಿರುತ್ತಾರೆ. ಬಿರುಕು ಬಿಟ್ಟ 78ರಲ್ಲಿ ಸುತ್ತಿಗೊಂದು ಟಕ್ ಎಂಬ ಸದ್ದು ಬರುತ್ತದೆ, ಅಂದರೆ ಹತ್ತು ಸೆಕೆಂಡಿಗೆ ಹದಿಮೂರು. ಅದು ಲೆಕ್ಕದಂತೆ ಬರುವುದರಿಂದ ತೆಗೆಯುವುದು ಸುಲಭ.

ಊರವರಿಗೆ ಹಂಚಲು ಬಯಸಿದರೆ ಕಾನೂನಿನ ಒಂದು ಅಂಶ ತಿಳಿದಿರಲಿ. ಧ್ವನಿಮುದ್ರಣದ ಹಕ್ಕು, ಅದು ಪ್ರಕಟವಾದ ವರ್ಷದ ಮುಂದಿನ ವರ್ಷದಿಂದ ಅರವತ್ತು ವರ್ಷ ನಡೆಯುತ್ತದೆ; 1964ರಲ್ಲಿ ಹೊರಬಂದ ಪ್ಲೇಟಿನದು 2024ರ ಕೊನೆಗೆ ಮುಗಿದಿದೆ. ಆದರೆ ಸಾಹಿತ್ಯಕ್ಕೂ ರಾಗಸಂಯೋಜನೆಗೂ ಬೇರೆ ಲೆಕ್ಕ, ಕವಿಯೂ ಸಂಗೀತಗಾರರೂ ತೀರಿಕೊಂಡ ಮೇಲೆ ಅರವತ್ತು ವರ್ಷ. ಆದ್ದರಿಂದ ಮನೆಯಲ್ಲಿ ಕೇಳುವುದು ಬೇರೆ, ಚಾನೆಲ್ಲಿಗೆ ಏರಿಸುವುದು ಬೇರೆ.

ಕೌಲ್‌ಬಜಾರ್, ಬಳ್ಳಾರಿ

ಎಲ್ಲರಿಗೂ ಕೃತಜ್ಞತೆಗಳು. ಮೂರು ವಾರ ತಡವಾಗಿ ಬರೆಯುತ್ತಿದ್ದೇನೆ. ಬೆಂಗಳೂರಿನವರಿಗೆ ಆಗುವುದಿಲ್ಲ ಎಂದು ತಿಳಿಸಿದೆ. ಹಳೆಯ ಎಚ್‌ಎಂವಿ ಪ್ಲೇಯರ್ ಒಂದು ನಮ್ಮ ಬೀದಿಯ ರೇಡಿಯೋ ರಿಪೇರಿಯವರ ಅಟ್ಟದಲ್ಲೇ ಸಿಕ್ಕಿತು. ಬೆಲ್ಟು ಮತ್ತು ಮುಳ್ಳು ಹೊಸದು ಹಾಕಿಸಿದ್ದೇವೆ. ಸಂಡೂರಿನ ಅಣ್ಣನವರು ಹೇಳಿದಂತೆ ಒರೆಸಿದ ಮೇಲೆ ಅದೇ ಪ್ಲೇಟು ಬೇರೆಯೇ ಎನ್ನಿಸಿತು. ಮಳೆ ಪೂರ್ತಿ ನಿಂತಿಲ್ಲ, ಆದರೆ ಈಗ ಹಾಡು ಮಳೆಯ ಮುಂದೆ ನಿಂತಿದೆ.

ಬಿಳಿ ಪೇಂಟಿನ ಅಂಕಿಗಳ ಗುಟ್ಟು ದೊಡ್ಡಮ್ಮನವರಿಂದ ತಿಳಿಯಿತು. ದೇವರ ಮಾಡದಲ್ಲಿ ಇಟ್ಟಿದ್ದ ಒಂದು ಉದ್ದನೆಯ ಲೆಕ್ಕದ ಪುಸ್ತಕವನ್ನು ತಂದು ಕೊಟ್ಟರು. ಅದರಲ್ಲಿ ದೊಡ್ಡಪ್ಪನವರು ಹಾಡಿನ ಹೆಸರನ್ನು ಎಲ್ಲಿಯೂ ಬರೆದಿಲ್ಲ; ಸಂದರ್ಭ ಮತ್ತು ಅಂಕಿ ಮಾತ್ರ. ‘ಬೀಗರು ಇಳಿದಾಗ 4, 9’, ‘ಊಟಕ್ಕೆ 22ರಿಂದ 30’, ‘ಉರುಸು 51, 52, 60’, ‘ಹೆಣ್ಣು ಕಳಿಸುವಾಗ 17, ಹಿಂದಿನ ಬದಿ’. ಪ್ಲೇಟುಗಳನ್ನು ಭಾಷೆಯ ಪ್ರಕಾರ ಜೋಡಿಸಿಟ್ಟಿದ್ದೆ, ಈಗ ಅಂಕಿಯ ಪ್ರಕಾರವೇ ಮತ್ತೆ ಜೋಡಿಸಿದ್ದೇನೆ. ತೂತಿನ ಸುತ್ತ ಅತಿ ಹೆಚ್ಚು ಗೀರುಗಳಿರುವುದು 4ರ ಮೇಲೆ, ಲೇಬಲ್ಲಿನ ಕಾಗದ ಅಲ್ಲಿ ತೂತೇ ಬಿದ್ದಿದೆ.

ಕೊರತೆ ಒಂದೇ. 17 ಅರ್ಧ ಮಾತ್ರ ಇದೆ. ಒಡೆದ ಅರ್ಧದ ಮೇಲೆ ಬಿಳಿ ಅಂಕಿ ಸ್ಪಷ್ಟವಾಗಿದೆ, ಮುದ್ರೆಯೂ ಇದೆ, ಆದರೆ ಚಿತ್ರದ ಹೆಸರೂ ಗಾಯಕಿಯ ಹೆಸರೂ ಇದ್ದ ಭಾಗ ಇಲ್ಲ. ಯಾವ ಭಾಷೆಯ ಹಾಡು ಎಂದು ಕೇಳಿದರೆ ದೊಡ್ಡಮ್ಮನವರು, ‘ಎಲ್ಲಾರೂ ಅಳತಿದ್ರಪಾ, ಭಾಷಿ ಯಾರು ನೋಡ್ಯಾರ’ ಎಂದುಬಿಟ್ಟರು. ಇದನ್ನು ಪತ್ತೆ ಹಚ್ಚಲು ದಾರಿಯುಂಟೇ?

ಮುಳ್ಳು ಬದಲಿಸಿ, ರಾಯಚೂರು

ಉಂಟು. ಲೇಬಲ್ಲನ್ನು ಬಿಡಿ. ಹಾಡು ಮುಗಿದ ಮೇಲೆ ಲೇಬಲ್ಲಿನ ಹೊರಗೆ ಒಂದು ನುಣುಪಾದ ಪಟ್ಟಿ ಇರುತ್ತದಲ್ಲ, ಅಲ್ಲಿ ಅರಗಿನಲ್ಲೇ ಒತ್ತಿದ ಸಣ್ಣ ಅಕ್ಷರಗಳೂ ಅಂಕಿಗಳೂ ಇರುತ್ತವೆ. ಅದು ಅಚ್ಚಿನ ಸಂಖ್ಯೆ, ಎರಡು ಬದಿಗೆ ಬೇರೆ ಬೇರೆ. ಸಂಗ್ರಾಹಕರ ಪಟ್ಟಿಗಳಲ್ಲಿ ಅದರಿಂದಲೂ ಹಾಡನ್ನು ಹುಡುಕಬಹುದು. ಆ ಅರ್ಧದಲ್ಲಿ ಅದು ಉಳಿದಿದ್ದರೆ ಮೇಲೆ ತೆಳ್ಳನೆಯ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ, ಅದರ ಚಿತ್ರ ಕಳಿಸಿ. ಪುಸ್ತಕದಲ್ಲಿ ಹಿಂದಿನ ಬದಿ ಎಂದು ಬರೆದಿದೆಯಲ್ಲ, ಎರಡು ಬದಿಯದನ್ನೂ ಕಳಿಸಿ. ಒಡೆದ ಅರ್ಧವನ್ನು ಎಸೆಯಬೇಡಿ, ಅಂಟೂ ಹಚ್ಚಬೇಡಿ. ರಟ್ಟಿನ ನಡುವೆ ಇಟ್ಟು 16ಕ್ಕೂ 18ಕ್ಕೂ ನಡುವೆಯೇ ಇಡಿ.

ಕೌಲ್‌ಬಜಾರ್, ಬಳ್ಳಾರಿ

ಉಜ್ಜಿದೆ. ಒಂದು ಬದಿಯಲ್ಲಿ ಏನೂ ಸಿಗಲಿಲ್ಲ, ಆ ಭಾಗವೇ ಹೋಗಿದೆ. ಹಿಂದಿನ ಬದಿಯಲ್ಲಿ ಐದು ಅಂಕಿಗಳೂ ಬಂದಿವೆ. ಚಿತ್ರ ಕಳಿಸಿದ್ದೇನೆ, ನೋಡಿ.